ಜೊತೆಗೊಂದು ಕೋಲು

ಪ್ರವಾಸಕ್ಕೆ ಹೊರಡುವವರ ಮನೆಯಲ್ಲಿ ಏನನ್ನು ಕೊಂಡೊಯ್ಯಬೇಕು, ಏನನ್ನು ಬಿಡಬೇಕು ಎಂಬ ಚರ್ಚೆ ಸಹಜ. ನಮ್ಮ ಮನೆಯಲ್ಲಿ ಈ ಸಲ ಚಕ್ಕುಲಿಯ ಡಬ್ಬಿಗಿಂತ ಹೆಚ್ಚು ಚರ್ಚೆಗೆ ಒಳಗಾದದ್ದು ನನ್ನ ಊರುಗೋಲು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ—ಮೂರು ದಿನಗಳ ಪಯಣ. ಕೋಲು ಬರಬೇಕೆ, ಬೇಡವೆ?

ನನ್ನ ಬಲ ಮೊಣಕಾಲು ಸವೆದಿದೆಯೆಂದು ವೈದ್ಯರು ಕೋಲು ಹಿಡಿಯಹೇಳಿ ಒಂದು ವರ್ಷವಾಯಿತು. ಅದರ ಶಾಸ್ತ್ರವನ್ನೂ ಅವರೇ ಕಲಿಸಿದರು. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು. ನೋಯುವುದು ಬಲಗಾಲಾದರೆ ಕೋಲು ಎಡಗೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋಯುವ ಕಾಲು ಮೊದಲು. ಮನೆಯೊಳಗೆ ಈ ಪಾಠವನ್ನು ವಿಧೇಯ ವಿದ್ಯಾರ್ಥಿಯಂತೆ ಪಾಲಿಸುತ್ತೇನೆ. ಆದರೆ ನಾಲ್ಕು ಜನರ ಎದುರಿಗೆ? “ಅಯ್ಯೋ, ಇವರಿಗೂ ಕೋಲು ಬಂತೆ!” ಎಂಬ ಕನಿಕರದ ನೋಟ ಮೊಣಕಾಲಿಗಿಂತ ಹೆಚ್ಚು ನೋಯಿಸುವುದೆಂದು ಅನುಭವಿಗಳು ಬಲ್ಲರು.

“ಬಿಟ್ಟು ಬನ್ನಿ, ನಾನಿಲ್ಲವೆ? ನನ್ನ ಕೈ ಹಿಡಿದು ನಡೆದರಾಯಿತು” ಎಂದಳು ನನ್ನಾಕೆ. ಮಾತೇನೋ ಮಧುರವಾಗಿತ್ತು. ಆದರೆ ಅವಳ ಸೊಂಟವೂ ಅರವತ್ತು ವರ್ಷ ದುಡಿದು ದಣಿದದ್ದು. ನನ್ನ ಭಾರವನ್ನು ಅವಳ ಮೇಲೆ ಹೊರಿಸಿ ನಾನು ತರುಣನಂತೆ ಕಾಣಿಸಿಕೊಳ್ಳುವುದು ಯಾವ ಶೌರ್ಯ? ಕೋಲು ಹಿಡಿಯಲೊಲ್ಲದವನು ಯಾರದಾದರೂ ಕೈ ಹಿಡಿಯಬೇಕು. ಇಲ್ಲವೆ ಹೊರಗೆ ಕುಳಿತು ಎಲ್ಲರ ಚಪ್ಪಲಿ ಕಾಯಬೇಕು.

೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿ ಎತ್ತರದ ಜಗತಿಯ ಮೇಲಿದೆ. ಮೆಟ್ಟಿಲೇರಿ, ಬರಿಗಾಲಿನಲ್ಲಿ ಸಾವಕಾಶವಾಗಿ ಸುತ್ತಿದವರಿಗೆ ಮಾತ್ರ ಗೋಡೆಯ ಶಿಲ್ಪ ದಕ್ಕುವುದು. ಮದನಿಕೆಯರನ್ನು ನೋಡಬೇಕಾದರೆ ಕತ್ತೆತ್ತಿ ನಿಲ್ಲಬೇಕು. ಕಣ್ಣು ಮೇಲಿರುವಾಗ ಕಾಲಿಗೊಂದು ನಂಬಿಕೆಯ ಆಸರೆ ಬೇಕು. ಬೆಳಗೊಳದ ವಿಂಧ್ಯಗಿರಿಯದು ಬೇರೆಯ ಮಾತು. ಬಂಡೆಯಲ್ಲಿ ಕಡಿದ ೬೦೦ಕ್ಕೂ ಹೆಚ್ಚು ಮೆಟ್ಟಿಲುಗಳಿಗೆ ನನ್ನ ಕೋಲು ಸಾಲದು. ಅಲ್ಲಿ ಡೋಲಿಯುಂಟು. ಅದಕ್ಕೆ ಮನಸ್ಸು ಒಪ್ಪದಿದ್ದರೆ, ಬೆಟ್ಟದ ಬುಡದಲ್ಲಿ ಕುಳಿತು ಗೊಮ್ಮಟನ ವರ್ಣನೆಯನ್ನು ಮೊಮ್ಮಗನ ಬಾಯಿಂದಲೇ ಕೇಳುತ್ತೇನೆ. ಅದೂ ಒಂದು ದರ್ಶನವೇ.

ಕೋಲು ಬರುತ್ತದೆಂದು ತೀರ್ಮಾನವಾಯಿತು. ಸವೆದ ರಬ್ಬರು ನುಣುಪು ಕಲ್ಲಿನ ಮೇಲೆ ಜಾರುವುದರಿಂದ ಅದರ ತುದಿಗೆ ಹೊಸ ರಬ್ಬರನ್ನು ಹಾಕಿಸಿದ್ದೇನೆ. “ತಾತ, ಫೋಟೋದಲ್ಲಿ ಕೋಲೂ ಬರುತ್ತೆ!” ಎಂದ ಮೊಮ್ಮಗ. ಬರಲಿ. ಕೋಲಿಲ್ಲದೆ ಮನೆಯಲ್ಲಿ ಉಳಿದಿದ್ದರೆ ಆ ಫೋಟೋದಲ್ಲಿ ತಾತನೇ ಇರುತ್ತಿರಲಿಲ್ಲ.

ವಾಚಕರೆ, ನಿಮ್ಮ ಮನೆಯ ಹಿರಿಯರಿಗೂ ಇಂಥ ಸಂಗಾತಿಯಿದ್ದರೆ ಅದನ್ನು ಬಿಡಿಸಲೂ ಬೇಡಿ, ಹೇರಲೂ ಬೇಡಿ. ಗಾಡಿಯಲ್ಲಿ ಅದಕ್ಕಿಷ್ಟು ಜಾಗ ಮಾಡಿ, ನಿಮ್ಮ ನಡಿಗೆಯನ್ನು ತುಸು ನಿಧಾನಿಸಿದರೆ ಸಾಕು.