ಅಕ್ಕಿ ಡ್ರಮ್ಮಿನ ಹಿಂದೆ

ಪ್ರಿಯ ಗೆಳತಿ,

ನಿಮ್ಮ ಕಾಗದ ಕೈಸೇರಿ ಎರಡು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಓದುವುದು, ಮಡಚಿಡುವುದು, ಮತ್ತೆ ತೆಗೆಯುವುದು, ಇಷ್ಟೇ ಆಗುತ್ತಿತ್ತು. ಹೆಸರು, ಊರು ಬಿಟ್ಟು ಉತ್ತರವನ್ನು ನಾಲ್ಕು ಜನ ಓದುವ ಹಾಗೆ ಬರೆಯಿರಿ ಎಂದು ನೀವೇ ಹೇಳಿದ್ದರಿಂದ ಧೈರ್ಯ ಮಾಡಿದ್ದೇನೆ.

ನಿಮ್ಮ ಅಪ್ಪನ ತಿಥಿಯ ಊಟಕ್ಕೆ ಬಂದವರೆಲ್ಲ 'ದೇವರಂಥ ಮನುಷ್ಯ' ಎಂದರಂತೆ. ಎಷ್ಟೋ ಬಡ ಮಕ್ಕಳ ಫೀಸು ಕಟ್ಟಿದವರು, ಬೀದಿಯಲ್ಲಿ ಯಾರಿಗೂ ದನಿ ಎತ್ತಿ ಮಾತಾಡದವರು. ನೀವು ಹಿತ್ತಲಲ್ಲಿ ಅಡುಗೆಯವರ ಜೊತೆ ನಿಂತು ವಡೆ ತಟ್ಟುತ್ತಿದ್ದಿರಿ. ಕಣ್ಣಲ್ಲಿ ಒಂದು ಹನಿ ಇಲ್ಲ. 'ಇವಳದು ಕಲ್ಲೆದೆ ಕಣ್ರೀ' ಎಂದು ಚಿಕ್ಕಮ್ಮ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ಐವತ್ತೆರಡನೇ ವಯಸ್ಸಿಗೆ ನಾನು ನಿಜವಾಗಿ ಕಲ್ಲಾಗಿಬಿಟ್ಟೆನಾ ಎಂದು ಕೇಳಿದ್ದೀರಿ.

ಉತ್ತರ ನಿಮ್ಮದೇ ಕಾಗದದ ಮೂರನೇ ಹಾಳೆಯಲ್ಲಿದೆ. ಸಂಜೆ ಗೇಟಿನ ಚಿಲಕ ಸದ್ದು ಮಾಡಿದ ರೀತಿಯಲ್ಲೇ ಅಪ್ಪನ ಸಿಟ್ಟಿನ ಅಳತೆ ನಿಮಗೆ ಸಿಗುತ್ತಿತ್ತು. ಮೆಲ್ಲಗೆ ತೆರೆದರೆ ಬಚಾವು. ಧಡ್ ಎಂದರೆ ಉಗ್ರಾಣಕ್ಕೆ ಓಡಿ ಅಕ್ಕಿ ಡ್ರಮ್ಮಿನ ಹಿಂದೆ ಮುದುಡಿ ಕೂರುವುದು. ಹುಳ ಹಿಡಿಯದಿರಲೆಂದು ಅಕ್ಕಿಗೆ ಹಾಕಿದ ಒಣ ಬೇವಿನೆಲೆಯ ವಾಸನೆ, ಬೆನ್ನಿಗೆ ತಣ್ಣನೆಯ ಗೋಡೆ. ಕೊನೆಗೆ ಅಪ್ಪ ಹುಡುಕಿ ಹೊರಗೆಳೆದು, ಬೆಲ್ಟು ಬೀಸಿ, ನೀವು ಅತ್ತಾಗ ಹೇಳುತ್ತಿದ್ದ ಮಾತು: 'ಅಳು ನಿಲ್ಸು. ಇಲ್ಲಾಂದ್ರೆ ಇನ್ನೆರಡು ಬೀಳುತ್ತೆ.'

ಗೆಳತಿ, ಏಳು ವರ್ಷದ ಹುಡುಗಿ ಅಳು ನುಂಗುವುದನ್ನು ಕಲಿತದ್ದು ಹೀಗೆ. ಗಂಟಲಿಗೆ ಬಂದದ್ದನ್ನು ಅಲ್ಲೇ ತಡೆದು, ಹಲ್ಲು ಕಚ್ಚಿ, ಕಣ್ಣು ಒಣಗಿಸಿಕೊಂಡರೆ ಎರಡು ಏಟು ಉಳಿಯುತ್ತಿತ್ತು. ಮೈ ಕಲಿತ ಪಾಠವನ್ನು ಮೈ ಸುಲಭಕ್ಕೆ ಮರೆಯುವುದಿಲ್ಲ. ಅಪ್ಪನ ಶವದ ಮುಂದೆ ನಿಂತಾಗಲೂ ಆ ಹಳೇ ಅಪ್ಪಣೆಯೇ ನಡೆಯಿತು, ಅಷ್ಟೇ. ಇಂದಿಗೂ ಬೇವಿನೆಲೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ, ಯುಗಾದಿಯ ದಿನ ಬೇವು-ಬೆಲ್ಲ ಬಾಯಿಗಿಡಲು ಆಗುವುದಿಲ್ಲ ಎಂದು ಬರೆದಿದ್ದೀರಲ್ಲ, ಕಲ್ಲಿಗೆ ಹಾಗಾಗುತ್ತದೆಯೇ?

ನಿಮ್ಮ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. 'ನಾನೇ ಏನೋ ತಪ್ಪು ಮಾಡುತ್ತಿದ್ದೆ ಅನ್ನಿಸುತ್ತದೆ, ಇಲ್ಲದಿದ್ದರೆ ಅಷ್ಟು ಒಳ್ಳೆಯವರು ನನ್ನ ಜೊತೆ ಯಾಕೆ ಹಾಗಾಗುತ್ತಿದ್ದರು?' ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೊನಾಲ್ಡ್ ಫೇರ್‌ಬೇರ್ನ್ ಎಂಬ ಮನೋವೈದ್ಯರಿದ್ದರು. ಕೆಟ್ಟ ಮನೆಗಳಲ್ಲಿ ನೊಂದು ಬಂದ ಮಕ್ಕಳನ್ನು ಮಾತಾಡಿಸಿದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಎಷ್ಟು ಕೆದಕಿದರೂ ಆ ಮಕ್ಕಳು ಅಪ್ಪ ಅಮ್ಮನನ್ನು ಕೆಟ್ಟವರೆನ್ನಲು ಒಪ್ಪುತ್ತಿರಲಿಲ್ಲ. ತಾವೇ ಕೆಟ್ಟವರು ಎಂದು ಹೇಳಿಕೊಳ್ಳಲು ಮಾತ್ರ ಬೇಗ ಸಿದ್ಧರಾಗುತ್ತಿದ್ದರು. 1943ರಲ್ಲಿ ಅವರು ಇದನ್ನು ಬರೆದಿಟ್ಟರು. ಯೋಚಿಸಿದರೆ ಇದರ ಲೆಕ್ಕ ತಿಳಿಯುತ್ತದೆ. ಅನ್ನ ಹಾಕುವ ಕೈಯೇ ಕೆಟ್ಟದ್ದೆಂದು ಒಪ್ಪಿಕೊಂಡರೆ ಮಗುವಿಗೆ ಹೋಗಲು ಬೇರೆ ಜಾಗವೇ ಇಲ್ಲ. ತಾನು ಕೆಟ್ಟವಳು ಎಂದುಕೊಂಡರೆ ಒಂದು ಆಸೆಯಾದರೂ ಉಳಿಯುತ್ತದೆ: ನಾಳೆಯಿಂದ ಜಾಣೆಯಾದರೆ ಅಪ್ಪ ಹೊಡೆಯುವುದಿಲ್ಲ. ಬದುಕಿಕೊಳ್ಳಲು ಆ ವಯಸ್ಸಿಗೆ ಹೊಳೆದ ಉಪಾಯ ಅದು. ಆಪತ್ತು ಕಳೆದ ಮೇಲೂ ನಂಬಿಕೆಯಾಗಿ ಉಳಿದುಬಿಟ್ಟಿತು. ಆಫೀಸಿನಲ್ಲಿ ಯಾರ ಮುಖ ಗಂಟಿಕ್ಕಿದರೂ 'ನಾನೇನು ಮಾಡಿದೆ' ಎಂದು ಮೊದಲು ಹುಡುಕುವವರು ನೀವು. ಯಾರಾದರೂ ಹೊಗಳಿದರೆ ನಂಬುವುದಿಲ್ಲ, ಬೈದರೆ ತಕ್ಷಣ ನಂಬುತ್ತೀರಿ.

ಅದೇ ಅಪ್ಪ ಸೈಕಲ್ಲಿನ ಮುಂದಿನ ಕಂಬಿಗೆ ಟವೆಲ್ಲು ಸುತ್ತಿ ಕೂರಿಸಿಕೊಂಡು ಜಾತ್ರೆಗೆ ಕರೆದೊಯ್ದಿದ್ದರು, ಬತ್ತಾಸು ಕೊಡಿಸಿದ್ದರು. 'ಪೂರ್ತಿ ಕೆಟ್ಟವರಾಗಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆ' ಎಂಬ ನಿಮ್ಮ ಸಾಲು ನನಗೆ ಬಾಯಿಪಾಠವಾಗಿದೆ. ಹೊರಗಿನವರು ಹೊಡೆದರೆ ಮಗು ಮನೆಗೆ ಓಡಿ ಬರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಓಡುವುದೆಲ್ಲಿಗೆ? ಜಾತ್ರೆಯ ಅಪ್ಪನೂ ನಿಜ, ಬೆಲ್ಟಿನ ಅಪ್ಪನೂ ನಿಜ. ಇಬ್ಬರಲ್ಲಿ ಒಬ್ಬರನ್ನು ಅಳಿಸಿಬಿಡಿ ಎಂದು ನಿಮ್ಮನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. 'ಹೋದವರನ್ನು ಕ್ಷಮಿಸಿಬಿಡು' ಎನ್ನುವ ಬಂಧುಗಳಿಗೂ ಇಲ್ಲ. ಕ್ಷಮೆ ತಿಥಿಯ ಹಾಗೆ ದಿನ ಗೊತ್ತುಮಾಡಿ ನಡೆಸುವ ಕಾರ್ಯವಲ್ಲ.

ಅಮ್ಮನಿಗೆ ಎಲ್ಲ ಗೊತ್ತಿತ್ತು. ರಾತ್ರಿ ಬಾಸುಂಡೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತ 'ಎಲ್ಲರ ಮನೆ ದೋಸೆನೂ ತೂತೇ, ಹೊರಗೆ ಹೇಳಬೇಡ' ಎನ್ನುತ್ತಿದ್ದರು. ಅವರಿಗೂ ಹೋಗಲು ಜಾಗವಿರಲಿಲ್ಲ ಎಂಬುದು ಇಂದು ನಿಮಗೆ ಅರ್ಥವಾಗಿದೆ. ಆದರೂ ಈ ಗಾದೆಯನ್ನು ಮಗುವಿನ ಬೆನ್ನಿನ ಮೇಲೆ ಹೊದೆಸಬಾರದಿತ್ತು. ಏಟಿಗಿಂತ 'ಹೇಳಬೇಡ' ಎಂಬುದೇ ಹೆಚ್ಚು ವರ್ಷ ನೋಯುತ್ತದೆ. ನೋವಿನ ಜೊತೆ ಒಂಟಿತನವನ್ನೂ ಗುಟ್ಟಾಗಿ ಹೊರಬೇಕಾಗುತ್ತದೆ.

ನೀವು ಒಬ್ಬರೇ ಅಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ಪೆಟ್ಟು ತಿಂದವರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇಕಡಾ 88.6 ಮಕ್ಕಳಿಗೆ ಹೊಡೆದದ್ದು ಹೆತ್ತವರೇ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಬೊಜ್ಜಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ವಿನ್ಸೆಂಟ್ ಫೆಲಿಟ್ಟಿ, ತಮ್ಮ ರೋಗಿಗಳ ಬಾಲ್ಯ ಕೇಳಿ ಬೆಚ್ಚಿದವರು. ರಾಬರ್ಟ್ ಆಂಡಾ ಎಂಬ ಸಂಶೋಧಕರ ಜೊತೆ ಸೇರಿ 17,000ಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿದರು. 1998ರಲ್ಲಿ ಮೊದಲ ಫಲಿತಾಂಶ ಹೊರಬಂತು. ಬಾಲ್ಯದಲ್ಲಿ ಮನೆಯೊಳಗಿನ ಕಷ್ಟಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಹೃದ್ರೋಗ ಹೆಚ್ಚು ಕಂಡವು. ಇದನ್ನು ಹಣೆಬರಹವೆಂದು ಓದಬೇಡಿ. ಸಾವಿರಾರು ಜನರ ಸರಾಸರಿ ನಿಮ್ಮೊಬ್ಬರ ಭವಿಷ್ಯ ಹೇಳುವುದಿಲ್ಲ. ನೀವು ಬರೆದ ನಿದ್ದೆಗೇಡಿಗೂ ಎದೆ ಬಡಿತಕ್ಕೂ ಒಂದು ಕಾರಣವಿದೆ, ಅದು ನಿಮ್ಮ ಸ್ವಭಾವದ ದೋಷವಲ್ಲ ಎಂದಷ್ಟೇ ತಿಳಿದುಕೊಳ್ಳಿ.

ಇಷ್ಟೇ ಆಗಿದ್ದರೆ ನಾನು ಇನ್ನೂ ಒಂದು ವಾರ ತಡ ಮಾಡುತ್ತಿದ್ದೆನೇನೋ. ಕಾಗದದ ಕೊನೆಗೆ, ಕೈಬರಹ ಸಣ್ಣದಾಗಿ ಹೋದ ಕಡೆ, ತಮ್ಮನ ಮಗನ ವಿಷಯ ಬರೆದಿದ್ದೀರಿ. ಎಂಟು ವರ್ಷದ ಹುಡುಗ. ಬೈಕು ಗೇಟಿನ ಹತ್ತಿರ ಬಂದ ಸದ್ದಿಗೆ ಅದೇ ಮನೆಯ, ಅದೇ ಉಗ್ರಾಣಕ್ಕೆ ಓಡುತ್ತಾನೆ. ತಮ್ಮನನ್ನು ಕೇಳಿದರೆ, 'ಅಪ್ಪ ನಮಗೂ ಹೊಡೆದರು, ನಾವೇನು ಹಾಳಾಗಿ ಹೋದ್ವಾ?' ಎಂದ.

ಅವನಿಗೆ ಉತ್ತರಿಸಲು ನಿಮಗಿಂತ ತಕ್ಕವರಿಲ್ಲ. ಹೊಡೆಯಲು ಕೈ ಎತ್ತಿದ ಹೊತ್ತಿನಲ್ಲಿ ಮಗುವನ್ನು ಅಲ್ಲಿಂದ ಕರೆದುಕೊಂಡು ಹೋಗಿ, ವಾದಕ್ಕಿಳಿಯಬೇಡಿ. ಸಿಟ್ಟು ಇಳಿದ ಒಂದು ದಿನ, ತಮ್ಮನೊಬ್ಬನೇ ಇದ್ದಾಗ, ಹನ್ನೆರಡು ವರ್ಷದವರೆಗೂ ಅವನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದದ್ದನ್ನು, ಬೆಳಗಿನ ಜಾವ ನೀವಿಬ್ಬರೂ ಅಪ್ಪ ಏಳುವ ಮೊದಲು ಆ ದುಪ್ಪಟಿ ಒಗೆಯುತ್ತಿದ್ದದ್ದನ್ನು ನೆನಪಿಸಿ. ಆಡಿಕೊಳ್ಳಲಿಕ್ಕಲ್ಲ, ಅವನೂ ಆಗ ಮಗುವಾಗಿದ್ದನೆಂದು ಹೇಳಲಿಕ್ಕೆ. ಪೆಟ್ಟು ತಿಂದವರೆಲ್ಲ ಹೊಡೆಯುವವರಾಗುವುದಿಲ್ಲ. ನೀವು ನಿಮ್ಮ ಮಗಳ ಮೇಲೆ ಒಮ್ಮೆಯೂ ಕೈ ಎತ್ತಲಿಲ್ಲ. ಅವನಿಗೂ ಅದು ಸಾಧ್ಯ.

ಮಾತಿಗೆ ಬಗ್ಗದಿದ್ದರೆ 1098 ನೆನಪಿರಲಿ. ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕಾಸು ಬೇಡ. ಮಗುವೇ ಕರೆ ಮಾಡಬಹುದು, ನೀವೂ ಮಾಡಬಹುದು. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ ಅಪರಾಧ. ಹೆತ್ತವರು ಎಂಬ ಕಾರಣಕ್ಕೆ ರಿಯಾಯಿತಿಯಿಲ್ಲ. ಹಿಂಸೆ ಲೈಂಗಿಕವಾದದ್ದಾದರೆ 2012ರ ಪೋಕ್ಸೋ ಕಾಯ್ದೆ ಬರುತ್ತದೆ, ಆಗ ಗೊತ್ತಿದ್ದವರು ತಿಳಿಸಲೇಬೇಕು. ಇನ್ನು ನಿಮ್ಮ ರಾತ್ರಿಗಳಿಗೆ 14416, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಹೆಸರಿಗಿಂತ ಮೊದಲು ನೋವನ್ನೇ ಹೇಳಬಹುದು. ನನಗೆ ಬರೆದ ಹಾಗೆ ಒಬ್ಬ ತಿಳಿದ ಆಪ್ತಸಮಾಲೋಚಕರ ಮುಂದೆ ಹೇಳಿದರೆ ನನ್ನ ಕಾಗದಕ್ಕಿಂತ ಹೆಚ್ಚು ಉಪಯೋಗವಾದೀತು.

ಮುಂದಿನ ಸಲ ತವರಿಗೆ ಹೋದಾಗ ಗೇಟು ಧಡ್ ಎಂದರೆ ನೀವೂ ಉಗ್ರಾಣಕ್ಕೆ ಹೋಗಿ. ಡ್ರಮ್ಮಿನ ಹಿಂದೆ ದೊಡ್ಡವರಿಗೆ ಜಾಗವಿಲ್ಲ, ಬಾಗಿಲಿಗೂ ಡ್ರಮ್ಮಿಗೂ ನಡುವೆ ನೆಲದ ಮೇಲೆ ಕೂತುಕೊಳ್ಳಿ. ಬೇವಿನ ವಾಸನೆ ಬರುತ್ತದೆ, ಹೊಟ್ಟೆ ತೊಳಸುತ್ತದೆ, ಆದರೂ ಕೂತಿರಿ. 'ನಾನೂ ಇಲ್ಲೇ ಕೂರ್ತಿದ್ದೆ ಪುಟ್ಟ. ತಪ್ಪು ನಿಂದಲ್ಲ' ಎನ್ನಿ. ನಿಮಗೆ ಆಗ ಯಾರೂ ಹೇಳದೆ ಹೋದ ಮಾತು ಅದು. ಅವನ ಜೊತೆ ನಿಮ್ಮ ಕಿವಿಗೂ ಬೀಳಲಿ.

ಅವನು ಅತ್ತರೆ ಅಳಲಿ. ನಿಮಗೂ ಬಂದರೆ ತಡೆಯಬೇಡಿ. ಇನ್ನೆರಡು ಎಂದು ಎಣಿಸುವವರು ಈಗ ಆ ಮನೆಯಲ್ಲಿಲ್ಲ.

ಇಂತಿ,
ನಿಮ್ಮ ಕಾಗದದ ಗೆಳತಿ