ಬಲ್ಮಠದಲ್ಲೊಂದು ಗಂಜಿಯೂಟ

ಮಂಗಳೂರು ಏರಿಳಿತಗಳ ಊರು. ಹಂಪನಕಟ್ಟೆಯ ಗದ್ದಲವನ್ನು ಹಿಂದಿಕ್ಕಿ ಏರು ಹತ್ತಿದರೆ ಬಲ್ಮಠದ ಗುಡ್ಡ ಸಿಗುತ್ತದೆ. ಕನ್ನಡ ಓದಿದವನಿಗೆ ಇದೊಂದು ಬಗೆಯ ತೀರ್ಥಕ್ಷೇತ್ರ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ನೆಲೆಯೂರಿದ ತಾಣಗಳಲ್ಲಿ ಇದು ಮುಖ್ಯವಾದುದು. 1843ರಲ್ಲಿ ಮೊಗ್ಲಿಂಗರು ‘ಮಂಗಳೂರ ಸಮಾಚಾರ’ವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ್ದು ಈ ಊರಿನಿಂದಲೇ. ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಅಚ್ಚಾದದ್ದೂ ಮಿಷನ್ನಿನ ಮುದ್ರಣಾಲಯದಲ್ಲಿ. ಶಾಂತಿ ದೇವಾಲಯವೂ ಥಿಯಲಾಜಿಕಲ್ ಕಾಲೇಜಿನ ಮರಗಳ ನೆರಳೂ ಇಂದಿಗೂ ಆ ದಿನಗಳನ್ನು ನೆನಪಿಗೆ ತರುತ್ತವೆ. ಆದರೆ ಅಕ್ಷರದ ಕಥೆಯನ್ನು ಅಲ್ಲಿಗೇ ಬಿಟ್ಟು, ಇಂದು ನಾನು ಗಂಜಿಯ ಕಥೆಯನ್ನು ಹೇಳಹೊರಟಿದ್ದೇನೆ. ವಾಚಕರು ನಗಬಾರದು.

ಪತ್ತನಾಜೆ ಕಳೆದ ಮರುವಾರ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ್ದವು. ಮಳೆ ಇಂದೋ ನಾಳೆಯೋ ಎಂಬಂತಿತ್ತು. ಅಮ್ಮ ಕಣ್ಣಿನ ಪರೀಕ್ಷೆಗೆಂದು ಪುತ್ತೂರಿನ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದಳು. ವೈದ್ಯರು ಕಣ್ಣಿಗೆ ಹನಿ ಬಿಟ್ಟು, ನಾಲ್ಕೈದು ಗಂಟೆ ಎಲ್ಲವೂ ಮಂಜುಮಂಜಾಗಿ ಕಾಣುವುದೆಂದು ಹೇಳಿ ಕಳುಹಿಸಿದರು. ಮಧ್ಯಾಹ್ನವಾಗಿತ್ತು. ಹೆಂಡತಿ, ಏಳು ವರ್ಷದ ಮಗಳು, ಅಮ್ಮ, ನಾನು ಬಲ್ಮಠದ ಒಂದು ಊಟದ ಮನೆಗೆ ಹೊಕ್ಕೆವು. ಅದರ ಹೆಸರು ಹೇಳುವುದಿಲ್ಲ; ಹೇಳಿದರೆ ಜಾಹೀರಾತಾದೀತು. ಗೆಳೆಯರು ಬಹಳ ದಿನಗಳಿಂದ ಅದನ್ನು ಹೊಗಳುತ್ತಿದ್ದರು: ಸುತ್ತಣ ಹಳ್ಳಿಗಳ ರೈತರಿಂದಲೇ ಸಾಮಾನು ತರಿಸಿ, ಮನೆಯ ಅಡಿಗೆಯಂತೆ ಅಟ್ಟು ಬಡಿಸುತ್ತಾರೆ ಎಂದು.

ಗೋಡೆಯ ಮೇಲೊಂದು ಕರಿಹಲಗೆ. ಅದರಲ್ಲಿ ಆ ದಿನದ ಅಡಿಗೆ, ಅದರ ಮುಂದೆ ಪದಾರ್ಥ ಬಂದ ಊರಿನ ಹೆಸರು. ಅಮ್ಮನಿಗೆ ಓದಲು ಕಣ್ಣು ನಿಲ್ಲಲೊಲ್ಲದು. ಮೊಮ್ಮಗಳು ಶಾಲೆಯ ಪಾಠ ಒಪ್ಪಿಸುವಂತೆ ಓದತೊಡಗಿದಳು. “ಕುಚ್ಚಲಕ್ಕಿ ಗಂಜಿ, ಅಕ್ಕಿ ಬೆಳ್ತಂಗಡಿಯದು. ತಿಮರೆ ಚಟ್ನಿ. ಹರಿವೆ ದಂಟಿನ ಪಲ್ಯ. ಗುಳ್ಳದ ಹುಳಿ, ಬದನೆ ಮಟ್ಟುವಿನದು. ಕಾಟುಮಾವಿನ ಗೊಜ್ಜು. ಒಣಸಿಗಡಿ ಚಟ್ನಿ, ಬೇಕಾದವರಿಗೆ ಮಾತ್ರ.” ಕೊನೆಗೆ ಹುಡುಗಿ ಕ್ರಯವನ್ನೂ ಓದಿಬಿಟ್ಟಳು: “ಗಂಜಿಯೂಟಕ್ಕೆ 120 ರೂಪಾಯಿ, ಅಜ್ಜಿ.”

ಅಮ್ಮ ಒಮ್ಮೆಗೇ ಎದ್ದು ನಿಂತಳು. “ದುಡ್ಡು ಕೊಟ್ಟು ಗಂಜಿ ಕುಡಿಯುವುದಾ? ನಡೆ ಮಗಾ, ಬೇರೆ ಕಡೆ ಹೋಗುವ.” ತುಳುವಿನಲ್ಲಿ ಆಡಿದ ಆ ಮಾತು ಪಕ್ಕದ ಮೇಜಿನವರಿಗೂ ಕೇಳಿಸಿತು. ನನಗೆ ನಾಚಿಕೆಯಾಯಿತು. ಹೆಂಡತಿ ಹೇಗೋ ಸಮಾಧಾನ ಹೇಳಿ ಆಕೆಯನ್ನು ಕುಳ್ಳಿರಿಸಿದಳು.

ಅಮ್ಮನ ಸಿಟ್ಟಿಗೆ ಕಾರಣವಿತ್ತು. ಆಕೆಯ ತಂದೆ ಗೇಣಿ ಒಕ್ಕಲು. ಬೆಳೆದ ಅಕ್ಕಿಯೆಲ್ಲ ಬೈಹುಲ್ಲಿನ ಮುಡಿ ಕಟ್ಟಿಸಿಕೊಂಡು ಧಣಿಗಳ ಮನೆಗೆ ನಡೆಯುತ್ತಿತ್ತು. ಆಟಿ ತಿಂಗಳು ಬಂದಿತೆಂದರೆ ಗಂಜಿಯಲ್ಲಿ ಅಗುಳು ಕಡಮೆ, ತೆಳಿ ಹೆಚ್ಚು. ಅಟ್ಟದಲ್ಲಿ ತೂಗುಹಾಕಿದ ಸೌತೆಕಾಯಿ ಮುಗಿದ ಮೇಲೆ ತೋಟದ ಕೆಸು, ಕಾಡಿನ ಕಣಿಲೆ, ದಾರಿ ಬದಿಯ ತಜಂಕು. ಇಂದು ನಾವು ಆಟಿಯ ವಿಶೇಷ ತಿನಿಸುಗಳೆಂದು ಸಭೆ ಮಾಡಿ ತಿನ್ನುವ ಇವೆಲ್ಲ ಅಂದು ಹಸಿವಿನ ಉಪಾಯಗಳು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣಾ ಕಾಯಿದೆ ಬಂದ ಮೇಲೆ, ಅಜ್ಜನ ಹೆಸರಿಗೆ ಗದ್ದೆಯಾಯಿತು. ಆಗ ಅಮ್ಮನಿಗೆ ಹನ್ನೆರಡು ವರ್ಷ. “ಆ ವರ್ಷ ಮೊದಲ ಸಲ ಗಂಜಿ ಗಟ್ಟಿಯಾಯಿತು” ಎಂದು ಆಕೆ ಆಗಾಗ ಹೇಳುವುದುಂಟು.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ನಮ್ಮ ಜಿಲ್ಲೆಯಲ್ಲಿ ಭತ್ತದ ಒಳಗೇ ಜಗಳ. ಬೆಳ್ತಿಗೆ ನೆಂಟರಿಗೆ, ದೋಸೆಗೆ, ದೇವರ ನೈವೇದ್ಯಕ್ಕೆ, ಕುಚ್ಚಲು ಮನೆಯವರಿಗೆ. ಆದರೆ ಗುಣದಲ್ಲಿ ಕುಚ್ಚಲೇ ಮೇಲು. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುವುದರಿಂದ ತೌಡಿನಲ್ಲಿರುವ ಬಿ ಜೀವಸತ್ವದ ಒಂದಂಶ ಕಾಳಿನೊಳಕ್ಕೆ ಇಳಿಯುತ್ತದೆಂದು ಬಲ್ಲವರು ಹೇಳುತ್ತಾರೆ. ಇನ್ನೊಂದು ವಿನೋದ ಕೇಳಿ. ಪ್ಯಾರಿಸ್ಸಿನಲ್ಲಿ ‘ರೆಸ್ಟೊರೆಂಟ್’ ಎಂಬ ಮಾತಿಗೆ ಮೊದಲು ಇದ್ದ ಅರ್ಥ ಬಳಲಿದವನಿಗೆ ಚೇತರಿಕೆ ಕೊಡುವ ಸಾರು ಎಂದು; ಆ ಸಾರು ಮಾರುವ ಅಂಗಡಿಗೆ ಹದಿನೆಂಟನೆಯ ಶತಮಾನದಲ್ಲಿ ಅದೇ ಹೆಸರು ಅಂಟಿಕೊಂಡಿತು. ಹಾಗೆ ನೋಡಿದರೆ ಗಂಜಿ ಬಡಿಸುವ ಮನೆಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ಮಾಣಿ ಗಂಜಿ ತಂದಿಟ್ಟ. ಕೆಂಪು ಗೆರೆಯ ದಪ್ಪ ಅಗುಳು, ಮೇಲೆ ಒಂದು ಚಮಚ ತುಪ್ಪ. ಅಮ್ಮ ಬಟ್ಟಲನ್ನು ಮೂಗಿನ ಬಳಿ ಹಿಡಿದಳು. ಕಣ್ಣು ಮಂಜಾಗಿತ್ತು, ಮೂಗು ಮಂಜಾಗಿರಲಿಲ್ಲ. ಎರಡು ಅಗುಳನ್ನು ಬೆರಳಲ್ಲಿ ಒತ್ತಿ ನೋಡಿ, “ಇದು ಈ ವರ್ಷದ ಸುಗ್ಗಿಯದು. ಮನೆಯಲ್ಲೇ ಬೇಯಿಸಿದ ಭತ್ತ” ಎಂದಳು. ಬಳಿಕ ಮಾತಿಲ್ಲದೆ ಉಂಡಳು. ಬಟ್ಟಲು ಬರಿದಾದಾಗ ತೆಳಿಯನ್ನು ಇನ್ನಷ್ಟು ಕೇಳಿ ಹಾಕಿಸಿಕೊಂಡಳು.

ಗಲ್ಲಾಪೆಟ್ಟಿಗೆಯ ಯಜಮಾನರಿಗೆ ಮಾಣಿ ಈ ಸಂಗತಿಯನ್ನು ಹೇಳಿದ್ದಿರಬೇಕು. ಅವರೇ ಎದ್ದು ಬಂದರು. “ಸರಿಯಾಗಿ ಹೇಳಿದಿರಿ ಅಮ್ಮಾ. ಆದರೆ ಇಂಥ ಅಕ್ಕಿ ಸಿಗುವುದೇ ಕಷ್ಟವಾಗಿದೆ. ಹೋದ ಕಡೆಯಲ್ಲೆಲ್ಲ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟಿದ್ದಾರೆ. ನಿಮ್ಮಲ್ಲಿ ಗದ್ದೆ ಉಂಟಾ?”

ನಾನು ಬಟ್ಟಲ ಕಡೆಗೆ ನೋಡುತ್ತ ಕುಳಿತೆ. ಎರಡು ವರ್ಷದಿಂದ ನಮ್ಮ ಗದ್ದೆ ಹಡಿಲು ಬಿದ್ದಿತ್ತು. ಮುಂದಿನ ಸೋಮವಾರ ಯಂತ್ರ ತರಿಸಿ ಮಣ್ಣು ತುಂಬಿಸುವುದೆಂದು ಅಣ್ಣ ನಿಶ್ಚಯಿಸಿದ್ದ, ನಾನೂ ಒಪ್ಪಿದ್ದೆ. ಅಮ್ಮನಿಗೆ ಇಬ್ಬರೂ ಹೇಳಿರಲಿಲ್ಲ.

“ಉಂಟು” ಎಂದಳು ಅಮ್ಮ. “ಈ ಏಣೆಲಿಗೆ ಉಳುಮೆ ಆಗಬೇಕಷ್ಟೆ.”

ಆ ರಾತ್ರಿ ಅಣ್ಣನಿಗೆ ಫೋನು ಮಾಡಿದೆ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಟಿಗೆ ಆಳಿಲ್ಲ, ಸಿಕ್ಕಿದರೆ ಕೂಲಿ ಹುಟ್ಟುವುದಿಲ್ಲ. ಉಳಿದುದನ್ನು ನವಿಲೂ ಹಂದಿಯೂ ಮುಗಿಸುತ್ತವೆ. “ಪಟ್ಟಣದಲ್ಲಿ ಕೂತು ಗಂಜಿಯನ್ನು ಹೊಗಳುವುದು ಸುಲಭ, ತಮ್ಮಾ. ಬಂದು ನೇಜಿ ನೆಡುತ್ತೀಯಾ?” ಎಂದು ಕೇಳಿದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಲೇಜಿಗೆ ನಾಲ್ಕು ದಿನ ರಜೆ ಹಾಕಿ ಬರುತ್ತೇನೆಂದೆ. ಅವನು ನಕ್ಕ. ಕೊನೆಗೆ ಒಂದು ಒಪ್ಪಂದವಾಯಿತು: ಮಜಲಿನ ಎರಡು ಗದ್ದೆ ಅಡಿಕೆಗೆ, ಮಳೆಗಾಲದಲ್ಲಿ ನೀರು ನಿಲ್ಲುವ ಬೈಲಿನ ಗದ್ದೆ ಈ ವರ್ಷಕ್ಕೆ ಭತ್ತಕ್ಕೆ. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ.

ಬೆಳಗ್ಗೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. ಮೂರರಲ್ಲಿ ಒಂದು ಉಳಿಯಿತಲ್ಲ ಎಂದಷ್ಟೇ ಅಂದಳು. ಬಸ್ಸು ಹತ್ತುವಾಗ, ಆ ಊಟದ ಮನೆಯ ಯಜಮಾನರ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆಯಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಬಸ್ಸು ಪಂಪ್‌ವೆಲ್ ದಾಟುವ ಹೊತ್ತಿಗೆ ಮಳೆಯ ಮೊದಲ ಹನಿ ಬಿದ್ದಿತಂತೆ.