ಬೈಗುಳದ ಹರಕೆ

ಕೊಡಗೆಂದೊಡನೆ ಮಂಜನ್ನೂ ಮಳೆಯನ್ನೂ ಕಾಫಿಹೂವಿನ ಪರಿಮಳವನ್ನೂ ನೆನೆಯುವ ರಸಿಕರು ಮೇ ತಿಂಗಳ ನಾಲ್ಕನೆಯ ಗುರುವಾರ ಗೋಣಿಕೊಪ್ಪಲಿನ ಪೇಟೆಯಲ್ಲಿ ಕಾಲಿಟ್ಟರೆ, ಸೀರೆಯುಟ್ಟು, ರವಿಕೆಯೊಳಗೆ ಬಟ್ಟೆ ತುರುಕಿ, ಮುಖಕ್ಕೆ ಮಸಿ ಬಳಿದುಕೊಂಡ ಗಂಡಸರ ತಂಡವೊಂದು ಸೋರೆಬುರುಡೆಯನ್ನೋ ತಗಡಿನ ಡಬ್ಬವನ್ನೋ ಬಡಿಯುತ್ತ ಅಡ್ಡಗಟ್ಟಿ, ಅವರ ಕುಲಗೋತ್ರಗಳನ್ನೆಲ್ಲ ಜಾಲಾಡಿ, ಕಾಣಿಕೆ ಪಡೆದಲ್ಲದೆ ಮುಂದಕ್ಕೆ ಬಿಡದು. ಇದೇ ಕುಂಡೆಹಬ್ಬ. ಜೇನುಕುರುಬ, ಬೆಟ್ಟಕುರುಬ, ಯರವರೇ ಮೊದಲಾದ ಕಾಡಿನ ಮಕ್ಕಳು ಊರೂರು ಬೈದು ಕೂಡಿಸಿದ ಹಣದೊಡನೆ ಸಂಜೆಗೆ ದೇವರಪುರದ ಭದ್ರಕಾಳಿಯ ಗುಡಿಯನ್ನು ಮುಟ್ಟುತ್ತಾರೆ.

ಅವರ ಸಿಟ್ಟಿನ ಮೂಲ ದೇವರಲ್ಲಿಯೇ ಇದೆ. ತಮ್ಮನ್ನು ಬೇಟೆಗೆ ಕರೆದೊಯ್ದ ಅಯ್ಯಪ್ಪನು ನಡುಗಾಡಿನಲ್ಲಿ ಭದ್ರಕಾಳಿಗೆ ಮನಸೋತು, ನಂಬಿ ಬಂದವರನ್ನು ಅಲ್ಲಿಯೇ ಬಿಟ್ಟು ಅವಳ ಹಿಂದೆ ಹೋದನಂತೆ. ದಾಸರು ಹರಿಯನ್ನು ಚುಚ್ಚಿ ಹಾಡಿದ ನಿಂದಾಸ್ತುತಿಯನ್ನು ತಂಬೂರಿಯೊಡನೆ ಕೇಳಿ ತಲೆದೂಗುವ ನಾವು, ಸ್ತುತಿಯ ಹೊದಿಕೆಯಿಲ್ಲದ ಈ ನಿಂದೆಗೆ ಕಿವಿ ಮುಚ್ಚಿಕೊಳ್ಳುವುದೇಕೋ! ಕೇರಳದ ಕೊಡುಂಗಲ್ಲೂರಿನ ಭಗವತಿಯೂ ಭರಣಿಯ ಉತ್ಸವದಲ್ಲಿ ಇಂಥದೇ ಹಾಡುಗಳನ್ನು ಕೇಳಿಸಿಕೊಳ್ಳುತ್ತಾಳೆ.

ನನ್ನ ಭಾವನವರು ಆ ಸೀಮೆಯ ತೋಟವೊಂದರಲ್ಲಿ ರೈಟರಾಗಿದ್ದುದರಿಂದ ಈ ಹಬ್ಬವನ್ನು ಹತ್ತಿರದಿಂದ ಕಾಣುವ ಯೋಗ ನನಗೊದಗಿತು. ಹಿಂದಿನ ಸಂಜೆ ಬಟವಾಡೆಯ ಸಾಲಿನಲ್ಲಿ, ಟವೆಲನ್ನು ಕಂಕುಳಲ್ಲಿರಿಸಿಕೊಂಡು, ತನ್ನ ಹೆಸರು ಕೂಗಿದಾಗಲೂ ತಲೆಯೆತ್ತದೆ ಹಣ ಪಡೆದಿದ್ದ ಲೈನುಮನೆಯ ಆಳೊಬ್ಬನು, ಮರುದಿನ ಹಳದಿ ಸೀರೆಯಲ್ಲಿ ಬಂದು, ಜೀಪಿನ ಬಾನೆಟ್ಟಿನ ಮೇಲೆ ಅಂಗೈಯೂರಿ, ಒಳಗೆ ಕುಳಿತ ಸಾಹುಕಾರರ ಮೀಸೆಯಿಂದ ಮೊದಲುಗೊಂಡು ಬರೆಯಬಾರದ ಅವಯವಗಳವರೆಗೆ ಸಾವಕಾಶವಾಗಿ ವರ್ಣಿಸಿದನು. ಸಾಹುಕಾರರು ನಕ್ಕು ನೋಟೊಂದನ್ನು ಚಾಚಿದರು. ಅವನು ಅದರ ಬೆಲೆಯನ್ನು ನೋಡಿ, ಅವರ ಜಿಪುಣತನಕ್ಕೆ ಪ್ರತ್ಯೇಕವಾಗಿ ಬೈದು, ಇನ್ನೊಂದನ್ನು ಕಸಿದನು.

ಈ ದಿಟ್ಟತನದ ಹಿಂದೆ ದೀರ್ಘವಾದ ಮೌನವಿದೆ. ದಕ್ಷಿಣ ಕೊಡಗಿನ ಯರವರು ಒಂದು ಕಾಲಕ್ಕೆ ಒಡೆಯರ ಜೀತದಾಳುಗಳು. 1843ರ ಕಾಯಿದೆಯು ದಾಸ್ಯವನ್ನು ಕಾಗದದಲ್ಲಿ ತೊಡೆಯಿತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ತೋಟ ಹಾಕಿದ ಮೇಲೆ ಕಾಡು ಕಾಫಿಯಾಗುತ್ತ ಹೋಗಿ, ಕಾಡಿನವರು ಆಳುಗಳಾಗುತ್ತ ಹೋದರು. ಜೀತಪದ್ಧತಿಯ ನಿಷೇಧಕ್ಕೆ 1976ನೆಯ ಇಸವಿ ಬರಬೇಕಾಯಿತು. ಅಶ್ಲೀಲವೆಂದು ಮೂಗು ಮುರಿಯುವ ಸಭ್ಯರ ಪಕ್ಷ ನನ್ನದಲ್ಲ. ಆದರೆ ಒಂದು ದಿನ ಬೈಸಿಕೊಂಡ ಮಾತ್ರಕ್ಕೆ ವರ್ಷದ ಲೆಕ್ಕ ಚುಕ್ತಾ ಆಯಿತೆಂದು ನಗುವ ಔದಾರ್ಯವೂ ನನಗೆ ಪೂರ್ಣವಾಗಿ ರುಚಿಸದು.

ಗುಡಿಯಂಗಳದಲ್ಲಿ ಬೈಗುಳ ತಾರಕಕ್ಕೇರಿ, ಕುಣಿತ ಮುಗಿದು, ಆಡಿದ ಮಾತಿಗೆಲ್ಲ ಕ್ಷಮೆ ಬೇಡಿ ಅವರು ಕಾಣಿಕೆಯೊಪ್ಪಿಸುವಾಗ ಮೊಬೈಲು ಹಿಡಿದ ಪ್ರವಾಸಿಗಳ ನೂಕುನುಗ್ಗಲು ಭಕ್ತರದಕ್ಕಿಂತ ಹೆಚ್ಚಾಗಿತ್ತು. ಹೊರಗಿನ ದಾರಿಯಲ್ಲಿ ಹಳದಿ ಸೀರೆಯವನು, ಹೋಂಸ್ಟೇಯಿಂದ ಬಂದ ಪರಪ್ರಾಂತದ ತರುಣನೊಬ್ಬನನ್ನು ತಡೆದು, ಅವನ ಮೂರು ತಲೆಮಾರನ್ನು ಉದ್ಧರಿಸುತ್ತಿದ್ದನು. ಏನೆನ್ನುತ್ತಿದ್ದಾನೆಂದು ಆ ತರುಣನು ವಿನಯದಿಂದ ಕೇಳಲು, ಭಾವನವರು ಮುಖವನ್ನು ಗಂಭೀರ ಮಾಡಿಕೊಂಡು, "ಸಂತಾನವೃದ್ಧಿಯಾಗಲೆಂದು ಹರಸುತ್ತಿದ್ದಾನೆ" ಎಂದರು. ತರುಣನು ಕೈಮುಗಿದು ನೂರರ ನೋಟೊಂದನ್ನು ಕೊಟ್ಟನು.